ರಟ್ಟಿನೊಳಗಿನ ಕೆಂಪು

ಒಂದೇ ಮನೆಯಲ್ಲಿರುವ ಅಣ್ಣ-ತಂಗಿ ಹದಿನಾಲ್ಕು ವರ್ಷದಿಂದ ನೇರವಾಗಿ ಮಾತಾಡಿಲ್ಲ ಅಂದರೆ, ಜನ ಆಸ್ತಿ ಜಗಳ ಅಂತಲೇ ತಿಳಿಯುತ್ತಾರೆ. ಆಸ್ತಿಯೂ ಇಲ್ಲ, ಮಣ್ಣೂ ಇಲ್ಲ. ಎಲ್ಲದಕ್ಕೂ ಕಾರಣ ನಲವತ್ತೊಂದು ಹಳೇ ಕಾಮಿಕ್ಸ್.

ತಂಗಿ ಪುಸ್ತಕ ಬೈಂಡ್ ಮಾಡುವವಳು. ಬೆರಳ ಸಂದಿಯಲ್ಲಿ ಸದಾ ಅಂಟು ಮೆತ್ತಿಕೊಂಡಿರುವುದರಿಂದ ಬೀದಿಗೆಲ್ಲ ಅವಳು ಗೋಂದಕ್ಕ. ಕೆಳಗೆ ಅವಳ ಅಂಗಡಿ, ಮಹಡಿಯಲ್ಲಿ ಅಣ್ಣ-ಅತ್ತಿಗೆಯ ಸಂಸಾರ. ಅಣ್ಣ ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುತ್ತಾನೆ. ಗಿರಾಕಿ ಒಂದು ಚೂರು ಬಟ್ಟೆ ತಂದು "ಇದೇ ಬಣ್ಣ ಬೇಕು" ಅಂದರೆ ಸಾಕು, ಒಮ್ಮೆ ಬೆಳಕಿಗೆ ಹಿಡಿದು ನೋಡಿ ಅದನ್ನೇ ಡಬ್ಬಿಯಲ್ಲಿ ಕಲಸಿ ಕೊಡುತ್ತಾನೆ. ಆ ಕಣ್ಣು ಅವನಿಗೆ ಬಂದದ್ದು ಕಾಮಿಕ್ಸಿನಿಂದ. ಎಲ್ಲೋ ಇಂಗ್ಲೆಂಡಿನಲ್ಲಿ ಅಚ್ಚಾಗಿ, ಹತ್ತಾರು ಕೈ ದಾಟಿ, ಕೊನೆಗೆ ರದ್ದಿ ಅಂಗಡಿಗೆ ಬಂದು ಬಿದ್ದ ವಾರಪತ್ರಿಕೆಗಳವು. ಚಿಕ್ಕವನಿದ್ದಾಗಿಂದ ಒಂದೊಂದೇ ಆರಿಸಿ ತಂದು ಟ್ರಂಕಿನಲ್ಲಿ ಇಟ್ಟುಕೊಂಡಿದ್ದ. ಒಳಗಿನ ಕಥೆ ಒಂದನ್ನೂ ಓದಿದ ಪುಣ್ಯಾತ್ಮನಲ್ಲ! ಅವನಿಗೆ ಬೇಕಾಗಿದ್ದು ಮುಖಪುಟದ ಚಿತ್ರ. ಚೆಂಡು ತಡೆಯಲು ಹಾರಿದ ಗೋಲ್‌ಕೀಪರನ ಕೈ, ಚಂದ್ರನ ಮೇಲೆ ಇಳಿದವನ ಗಾಜಿನ ಟೋಪಿ, ಎಲ್ಲಕ್ಕಿಂತ ಮಿಗಿಲಾಗಿ ಕಡಲ ಬಿರುಗಾಳಿಯಲ್ಲಿ ನಿಂತ ಒಂದು ಕೆಂಪು ದೀಪಸ್ತಂಭ. ಆ ಕೆಂಪನ್ನು ಬೆರೆಸಲು ಹೋಗಿಯೇ ಅವನು ಕಸುಬು ಕಲಿತದ್ದು.

ಅಣ್ಣನ ಮದುವೆ ಗೊತ್ತಾದಾಗ ಗೋಂದಕ್ಕ ಒಬ್ಬ ಮೇಸ್ತ್ರಿಯ ಹತ್ತಿರ ಬೈಂಡಿಂಗ್ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಅಣ್ಣನಿಗೆ ಏನಾದರೂ ಕೊಡಬೇಕು, ಅದೂ ತನ್ನ ಕೈಯಿಂದಲೇ ಮಾಡಿದ್ದಾಗಿರಬೇಕು ಅಂತ ಆಸೆ. ಟ್ರಂಕು ಖಾಲಿ ಮಾಡಿ ಹೊತ್ತುಕೊಂಡು ಹೋದಳು. ವಾರಪತ್ರಿಕೆ ಬೈಂಡ್ ಮಾಡುವಾಗ ಮುಖಪುಟ ಕಿತ್ತು ಬುಟ್ಟಿಗೆ ಹಾಕಿ, ಒಳಗಿನ ಹಾಳೆ ಮಾತ್ರ ಹೊಲಿಯುವುದು ಕಸುಬಿನ ಪದ್ಧತಿ. ಮೇಸ್ತ್ರಿ ಹಾಗೇ ಕಲಿಸಿದ್ದ. ಅವಳು ಹಾಗೇ ಮಾಡಿದಳು. ಎರಡು ಸಂಪುಟ, ಬೆನ್ನಿನ ಮೇಲೆ ಬಂಗಾರದ ಅಕ್ಷರದಲ್ಲಿ ಅಣ್ಣನ ಹೆಸರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಳು.

ಅಣ್ಣ ಹಾಳೆ ತಿರುವಿದ. ಮತ್ತೆ ತಿರುವಿದ.

"ಮುಖಪುಟ ಎಲ್ಲಿ?"

"ಕಿತ್ತೆ ಅಣ್ಣ. ಬೈಂಡಿಂಗಿಗೆ ಕೀಳಲೇಬೇಕಲ್ಲ."

ಬೈದಿದ್ದರೆ ಮುಗಿದು ಹೋಗುತ್ತಿತ್ತು. ಅವನು ಬೈಯಲಿಲ್ಲ. ಮರುದಿನ ಅವಳು ಮೇಸ್ತ್ರಿಯ ಅಂಗಡಿಗೆ ಓಡಿ ಹೋಗಿ ನೋಡಿದರೆ ಬುಟ್ಟಿ ಖಾಲಿ. ರದ್ದಿಯವನು ಒಯ್ದಿರಬೇಕು ಅಂದುಕೊಂಡು ಅಲ್ಲೇ ಕೂತು ಅತ್ತಳು.

ಅಂದಿನಿಂದ ಅಣ್ಣನ ಬಾಯಿಗೆ ಬೀಗ. ಪಾಪ, ಮದುವೆಯಾಗಿ ಬಂದ ಅತ್ತಿಗೆಗೆ ಮೊದಲ ದಿನವೇ ಟಪಾಲು ಕೆಲಸ. "ನೀರು ಬಂತು ಅಂತ ಅವಳಿಗೆ ಹೇಳು." "ಮೀಟರ್ ನೋಡೋರು ಬಂದಿದ್ರು ಅಂತ ಅಣ್ಣನಿಗೆ ಹೇಳಿ ಅತ್ತಿಗೆ." ಇಬ್ಬರೂ ಒಂದೇ ಮೆಟ್ಟಿಲ ಮೇಲೆ ನಿಂತಿದ್ದರೂ ಸುದ್ದಿ ಅತ್ತಿಗೆಯ ಮೂಲಕವೇ ಹೋಗಬೇಕು. ಹಠ ಅಂದರೆ ಹಠ! ಅಣ್ಣ ಮತ್ತೆ ಒಂದೇ ಒಂದು ಕಾಮಿಕ್ಸ್ ಕೊಳ್ಳಲಿಲ್ಲ. ಅದೇ ಅವಳನ್ನು ಹೆಚ್ಚು ಸುಡುತ್ತಿದ್ದದ್ದು.

ಮೊನ್ನೆ ಶಾಲೆಯಿಂದ ಒಂದು ಹಳೇ ಹಾಜರಿ ಪುಸ್ತಕ ರಿಪೇರಿಗೆ ಬಂತು. ಸತ್ತುಹೋದ ಮೇಸ್ತ್ರಿಯ ಕೈಕೆಲಸ, ನೋಡಿದ ಕೂಡಲೇ ಗುರುತು ಸಿಕ್ಕಿತು. ರಟ್ಟು ಬಿಡಿಸಲು ಒದ್ದೆ ಬಟ್ಟೆ ಹೊದಿಸಿದಳು. ಅದು ಒಂದೇ ರಟ್ಟಲ್ಲ. ಎರಡು ತೆಳು ರಟ್ಟಿನ ನಡುವೆ ಬೇಡದ ಕಾಗದ ಅಂಟಿಸಿ ದಪ್ಪ ಮಾಡಿದ್ದ ಜಿಪುಣ. ಮೇಲಿನದು ಸುಲಿದಾಗ ಒಂದು ಗಾಜಿನ ಟೋಪಿ ಕಂಡಿತು. ಟೋಪಿಯ ಹಿಂದೆ ಚಂದ್ರ.

ಬುಟ್ಟಿಯ ಮುಖಪುಟಗಳು ರದ್ದಿಗೆ ಹೋಗಿರಲಿಲ್ಲ! "ಅಯ್ಯೋ ನನ್ನಪ್ಪಾ, ನಿನ್ನ ಜಿಪುಣತನಕ್ಕೆ ಕೈಮುಗೀತೀನಿ" ಅಂತ ಸತ್ತ ಮೇಸ್ತ್ರಿಗೆ ಗಟ್ಟಿಯಾಗಿಯೇ ಹೇಳಿದಳು.

ಸೀದಾ ಶಾಲೆಗೆ ಹೋಗಿ ಆ ವರ್ಷದ ಹಾಜರಿ ಪುಸ್ತಕ ಎಲ್ಲ ಕೊಡಿ, ಬಿಟ್ಟಿಯಾಗಿ ಹೊಸ ರಟ್ಟು ಹಾಕಿ ಕೊಡುತ್ತೇನೆ ಅಂದಳು. ಗುಮಾಸ್ತ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಯಾರೂ ತೆರೆಯದ ಪುಸ್ತಕಕ್ಕೆ ಹೊಸ ರಟ್ಟಾ? ಹುಷಾರಾಗಿದೀರಿ ತಾನೇ?"

"ಹದಿನಾಲ್ಕು ವರ್ಷದಲ್ಲಿ ಇವತ್ತೇ ಸ್ವಲ್ಪ ಹುಷಾರಾಗಿರೋದು. ಕೊಡಿ."

ಆರು ಪುಸ್ತಕ ಸಿಕ್ಕವು. ಮೇಸ್ತ್ರಿ ಬಳಸುತ್ತಿದ್ದದ್ದು ಮೈದಾ ಅಂಟು, ನೀರಿಗೆ ಬಿಡುತ್ತದೆ. ಆದರೆ ಅವಸರ ಮಾಡಿದರೆ ಬಣ್ಣವೂ ಅಂಟಿನ ಜೊತೆ ಎದ್ದು ಬರುತ್ತದೆ. ನಾಲ್ಕು ದಿನ ಉಸಿರು ಬಿಗಿಹಿಡಿದು ಸುಲಿದಳು. ಎಂಟು ಮುಖಪುಟ ಬಂದವು. ಎರಡರ ಮೂಲೆ ಹರಿದಿತ್ತು, ಗೋಲ್‌ಕೀಪರನಿಗೆ ಒಂದು ಕೈ ಇರಲಿಲ್ಲ. ಕೊನೆಯ ರಟ್ಟಿನ ಅಂಚು ಎತ್ತಿದಾಗ ಕೆಂಪು ಇಣುಕಿತು. ಅವಳ ಕೈ ನಿಂತುಹೋಯಿತು. ಒಮ್ಮೆ ಕಿತ್ತವಳು ತಾನು. ಇನ್ನೊಮ್ಮೆ ಹಾಳಾದರೆ ಈ ಜನ್ಮದಲ್ಲಿ ಅಣ್ಣನ ಮುಖ ನೋಡುವ ಹಾಗಿಲ್ಲ.

ಸುಲಿಯುವುದಾದರೆ ಈ ಸಲ ಅವನ ಕಣ್ಣೆದುರೇ ಅಂತ ರಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಮಹಡಿ ಹತ್ತಿದಳು. ಅಣ್ಣ ಪೇಪರ್ ಓದುತ್ತಿದ್ದ. ಅತ್ತಿಗೆ ಬಟ್ಟೆ ಮಡಚುತ್ತಿದ್ದವಳು ಅಭ್ಯಾಸಬಲದಿಂದ ಇಬ್ಬರ ನಡುವೆ ಬಂದು ನಿಂತಳು. ಗೋಂದಕ್ಕ "ಇವನ್ನ ಮೇಸ್ತ್ರಿ ರಟ್ಟಿನೊಳಗೆ ಅಂಟಿಸಿದ್ರು ಅಂತ ಅಣ್ಣನಿಗೆ ಹೇಳಿ ಅತ್ತಿಗೆ" ಅನ್ನುತ್ತ ಎಂಟೂ ಮುಖಪುಟಗಳನ್ನು ಮೇಜಿನ ಮೇಲೆ ಹರಡಿದಳು. ಅಣ್ಣನ ಕೈಯಿಂದ ಪೇಪರ್ ಜಾರಿತು. ಅವಳು ಅವನ ಕಡೆ ನೋಡದೆ ರಟ್ಟಿನ ಅಂಚಿಗೆ ಉಗುರು ಹಾಕಿದಳು. ಮೆಲ್ಲಗೆ ಎಳೆದಳು. ಕೆಂಪು ಸ್ತಂಭದ ತುದಿ ಎದ್ದಿತು, ಅದರ ಜೊತೆ ಒಂದು ಚೂರು ಬಣ್ಣವೂ ಎದ್ದಿತು.

"ಅವಳಿಗೆ ಹೇಳು..." ಅಂತ ಅಣ್ಣ ಶುರು ಮಾಡಿದ. ಅತ್ತಿಗೆ ಬಾಯಿ ತೆರೆದಳು. ಅಷ್ಟರಲ್ಲಿ ಅವನೇ ಎದ್ದು ಬಂದು ತಂಗಿಯ ಕೈ ಹಿಡಿದುಕೊಂಡಿದ್ದ. "ಏಯ್, ಎಳೀಬೇಡ ಕಣೇ! ಇನ್ನೂ ನೆನೀಬೇಕು. ನಿಂಗೆ ಯಾವಾಗಲೂ ಅವಸರ!"

ಗೋಂದಕ್ಕನಿಗೆ ಅಳು ಉಕ್ಕಿ ಬಂತು.

"ತಪ್ಪಾಯ್ತಣ್ಣ," ಅಂದಳು. "ಅವತ್ತಿಂದು."

"ಅಳಬೇಡ, ಕಾಗದದ ಮೇಲೆ ಬಿದ್ದೀತು," ಅಂದ ಅಣ್ಣ. "ಹೋದ ಚೂರನ್ನ ನಾನು ಬೆರೆಸಿ ತುಂಬ್ತೀನಿ. ಈ ಕೆಂಪು ನಂಗೆ ಗೊತ್ತು."

"ಸದ್ಯ," ಅಂದಳು ಅತ್ತಿಗೆ ಕುರ್ಚಿಯಲ್ಲಿ ಕುಸಿಯುತ್ತ. "ನನ್ನ ಟಪಾಲು ಕೆಲಸಕ್ಕೆ ಇವತ್ತು ನಿವೃತ್ತಿ."

ಅಣ್ಣ ಮುಖಪುಟಗಳನ್ನು ಒಂದೊಂದಾಗಿ ಎಣಿಸಿದ. ಇದೂ ಸೇರಿ ಒಂಬತ್ತು.

"ಆ ವರ್ಷ ನಿಮ್ಮ ಮೇಸ್ತ್ರಿ ಇನ್ನೆಲ್ಲಿಯ ಬೈಂಡಿಂಗ್ ಮಾಡಿದ್ದ?"

"ಲೈಬ್ರರಿಯದು. ಸಂಗೀತ ಶಾಲೆಯದು. ಇನ್ನೆರಡು ಸ್ಕೂಲು."

"ನಾಳೆ ರಜಾ ಹಾಕ್ತೀನಿ," ಅಂದ ಅಣ್ಣ. "ಇಬ್ಬರೂ ಹೋಗೋಣ. ಬೆಳಿಗ್ಗೆ ಬೇಗ ಎದ್ದಿರು."