ಸೀಟಿನ ಎತ್ತರ

ದರ್ಜಿಯ ಹಿಂದಿನ ಕೋಣೆ ನೋಡಿದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: “ಇವನ್ನೆಲ್ಲ ಓಡಿಸ್ತೀರಾ?” ನೋಡಿದವರೇನೂ ಬಹಳ ಮಂದಿಯಿಲ್ಲ. ಕರೆಂಟಿನ ಮೀಟರ್ ಓದುವವನು, ಪೈಪು ಒಡೆದಾಗ ಬಂದ ಪ್ಲಂಬರ್, ಆಗೊಮ್ಮೆ ಈಗೊಮ್ಮೆ ಮನೆ ಮಾಲೀಕರು. “ಇಲ್ಲ” ಎಂದರೆ ಮುಂದೇನು ಕೇಳಬೇಕೆಂದು ತಿಳಿಯದೆ, ಹತ್ತಿರದ ಯಾವುದಾದರೊಂದು ಬೆಲ್ಲು ಬಾರಿಸಿ ಹೊರಟುಬಿಡುತ್ತಿದ್ದರು. ಆ ಸದ್ದು ಅಡಗಿದ ಮೇಲೆ ಕೋಣೆ ಮೊದಲಿಗಿಂತ ಹೆಚ್ಚು ಖಾಲಿಯೆನಿಸುತ್ತಿತ್ತು.

ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಕತ್ತರಿಸುವ ಮೇಜು, ಮಡಚಿಟ್ಟ ಪ್ಯಾಂಟುಗಳು. ಹಿಂದಿನದರಲ್ಲಿ ಗೋಡೆಗುಂಟ ಹಳೆಯ ಸೈಕಲ್ಲುಗಳು. ನಡುವೆ ಒಬ್ಬ ಮಲಗುವಷ್ಟು ಜಾಗ. ಗುಜರಿ ಅಂಗಡಿಗಳ ಹಿತ್ತಲಲ್ಲಿ, ಮೆಟ್ಟಿಲುಗಳ ಕೆಳಗೆ, ಸೌದೆ ರಾಶಿಯ ಹಿಂದೆ ಹುಡುಕಿ ಹುಡುಕಿ ತಂದವು. ತಂದವನ್ನು ತಿಕ್ಕುತ್ತಿದ್ದ, ಎಣ್ಣೆ ಬಿಡುತ್ತಿದ್ದ, ಟೈರು ಟ್ಯೂಬು ಹಾಕುತ್ತಿದ್ದ. ಸೀಟು ಮಾತ್ರ ಮುಟ್ಟುತ್ತಿರಲಿಲ್ಲ. ಕೊನೆಯದಾಗಿ ಓಡಿಸಿದವನು ಯಾವ ಎತ್ತರಕ್ಕೆ ಬಿಗಿದಿದ್ದನೋ ಅದೇ ಎತ್ತರ. ಪ್ಯಾಂಟು ಹೊಲಿಯುವವನ ಕಣ್ಣಿಗೆ ಸೀಟಿನ ಎತ್ತರವೆಂದರೆ ಒಬ್ಬ ಮನುಷ್ಯನ ಕಾಲು. ಕಾಲಿದ್ದರೆ ಮನುಷ್ಯ ಪೂರ್ತಿ ಹೋದಂತಲ್ಲ. ಹೀಗೆಂದು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಕ್ಕಾರು ಎಂದಲ್ಲ, ಹೇಳಲು ಯಾರೂ ಇರಲಿಲ್ಲ.

ಸಾಲಿನಲ್ಲಿ ಮೊದಲನೆಯದು ಅವನ ಅಪ್ಪನದು. ಅದೊಂದೇ ತಪ್ಪು ಎತ್ತರದಲ್ಲಿತ್ತು. ಅಪ್ಪ ತೀರಿಕೊಂಡ ವಾರವೇ ಚಿಕ್ಕಪ್ಪ ಸೀಟು ಇಳಿಸಿ, ಹತ್ತಿ, ಕೆಲಸಕ್ಕೆ ಹೋಗಿದ್ದ. ಅವನ ಕಾಲು ಗಿಡ್ಡ, ಕೆಲಸಕ್ಕೆ ಹೋಗಲೇಬೇಕು, ತಪ್ಪೇನಿಲ್ಲ. ಆದರೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಚಿಕ್ಕ ಹುಡುಗನಿಗೆ ಅಪ್ಪ ಇನ್ನೊಂದು ಸಲ ಹೋದಂತಾಗಿತ್ತು. ಆ ಎತ್ತರ ಎಷ್ಟಿತ್ತೆಂದು ಈಗ ಯಾರಿಗೂ ಗೊತ್ತಿಲ್ಲ.

ಇಂಥವನ ಕೈಯಲ್ಲೇ ಎಡವಟ್ಟಾಯಿತು.

ಪೇಟೆಯ ಆಚೆ ತುದಿಯಲ್ಲಿ, ನಿವೃತ್ತಿಯಾದ ನರ್ಸಮ್ಮನ ಮನೆಯ ಹಿತ್ತಲಲ್ಲಿ ಒಂದು ಸೈಕಲ್ ಸಿಕ್ಕಿತು. ಆಕೆಯ ಗಂಡನದು, ಅವರು ತೀರಿಕೊಂಡು ವರ್ಷಗಳಾಗಿದ್ದವು. ಚೈನು ಪೂರ್ತಿ ಮುಚ್ಚಿದ ಡಬ್ಬಿ, ಕಂಬಿಯ ಬ್ರೇಕು, ಒಡೆಯದ ಗಾಜಿನ ದೀಪ. ಆ ದೀಪ ನೋಡಿಯೇ ದರ್ಜಿ ಮೈಮರೆತ. ಅದನ್ನು ಬಿಚ್ಚಿ, ಬಟ್ಟೆಯ ಚೂರುಗಳಲ್ಲಿ ಮಗುವಿನ ಹಾಗೆ ಸುತ್ತುತ್ತಾ ಕೂತ. ಅತ್ತ ಸಾಗಿಸಲು ಕರೆದಿದ್ದ ಟೆಂಪೋದವನು ಸೈಕಲ್ಲನ್ನು ಗಾಡಿಯೊಳಗೆ ತಳ್ಳಿದ, ಸೀಟು ಮೇಲಿನ ಟಾರ್ಪಾಲಿಗೆ ತಾಗಿತು. ಅವನು ಸ್ಪ್ಯಾನರ್ ತೆಗೆದು ಸೀಟನ್ನು ಪೂರ್ತಿ ಕೆಳಗೆ ಇಳಿಸಿಬಿಟ್ಟ.

ದರ್ಜಿ ತಿರುಗಿ ನೋಡಿದ. “ಅಯ್ಯೋ, ಏನ್ ಮಾಡ್ಬಿಟ್ರಿ!”

“ಏನಾಯ್ತು ಸಾರ್? ಮುರ್ದಿಲ್ಲ, ಇಳ್ಸಿದ್ದು ಅಷ್ಟೇ. ಮನೇಲಿ ಏರ್ಸ್ಕೊಳಿ.”

“ಎಷ್ಟಿತ್ತು ಅಂತ ನೋಡಿದ್ರಾ?”

“ಸೀಟು ಸಾರ್ ಅದು, ಥರ್ಮಾಮೀಟರ್ ಅಲ್ಲ.”

ಟೇಪು ಕೊರಳಲ್ಲೇ ನೇತಾಡುತ್ತಿತ್ತು. ಊರ ಗಂಡಸರ ಸೊಂಟ, ಕಾಲು, ತೊಡೆ ಅಳೆದ ಟೇಪು. ಅಳೆಯಬೇಕಾದ ಒಂದೇ ಒಂದು ಸಲ ಅವನು ದೀಪ ನೋಡುತ್ತಾ ಕೂತಿದ್ದ.

ಮನೆಗೆ ಬಂದು ಸೀಟನ್ನು ಕೊಳವೆಯ ಸಮೇತ ಮೇಲಕ್ಕೆಳೆದು ನೋಡಿದ. ಬಹಳ ಕಾಲ ಒಂದೇ ಕಡೆ ಬಿಗಿದಿದ್ದರೆ ಆ ಜಾಗದಲ್ಲಿ ತುಕ್ಕಿನ ಉಂಗುರ ಕೂತಿರುತ್ತದೆ, ಅದನ್ನು ನಂಬಿಕೊಂಡಿದ್ದ. ಇಲ್ಲಿ ನೋಡಿದರೆ ಎರಡು ಉಂಗುರ, ನಡುವೆ ನಾಲ್ಕು ಬೆರಳಿನ ಅಂತರ. ಒಂದು ಎತ್ತರದ ಮನುಷ್ಯನದು, ಇನ್ನೊಂದು ಸಾಧಾರಣ ಆಳಿನದು. ಯಾವುದು ನರ್ಸಮ್ಮನ ಗಂಡ?

ಹೋಗಿ ಕೇಳಿದರಾಯಿತು ಎಂದುಕೊಂಡ. ಗಂಡನನ್ನು ಕಳೆದುಕೊಂಡವರನ್ನು ಸೀಟು ಎಷ್ಟೆತ್ತರ ಇತ್ತು ಎಂದು ಕೇಳುವುದೇ, ಹುಚ್ಚ ಎಂದಾರು ಎಂದೂ ಅಂದುಕೊಂಡ. ಕೈಯಲ್ಲಿದ್ದ ಪ್ಯಾಂಟಿನ ಎಡಗಾಲಿಗೆ ಎರಡು ಸಲ ಮಡಿಕೆ ಹೊಲಿದು, ಎರಡೂ ಸಲ ಬಿಚ್ಚಿದ. ಕೊನೆಗೆ ಒಂದು ಭಾನುವಾರ ಸೈಕಲ್ಲನ್ನು ತಳ್ಳಿಕೊಂಡು ಹೊರಟ.

ಬೇರೆಯವರ ಸೀಟು, ಹತ್ತುವ ಹಾಗಿಲ್ಲ. ದಾರಿಯುದ್ದಕ್ಕೂ ಜನ ಕರುಣೆ ತೋರಿಸಿದರು. “ಪಂಚರ್ರಾ ಅಣ್ಣಾ? ಮುಂದೆ ತಿರುವಲ್ಲಿ ಅಂಗಡಿ ಇದೆ.” ಅವನು ಹೂಂ ಎಂದ. ತಿರುವಿನಲ್ಲಿ ಪಂಚರ್ ಅಂಗಡಿಯವನೇ ಎದ್ದು ಬಂದ, ಎರಡೂ ಟೈರು ಒತ್ತಿ ನೋಡಿದ. “ಗಾಳಿ ಗಟ್ಟಿಯಾಗಿದೆಯಲ್ರೀ. ಯಾಕ್ ತಳ್ತಿದೀರಿ?” ದರ್ಜಿ ಮುಖ ಹುಳ್ಳಗೆ ಮಾಡಿಕೊಂಡು, “ನಡ್ಯೋಕೆ ಹೇಳಿದಾರೆ, ಡಾಕ್ಟ್ರು” ಎಂದು ಮುಂದೆ ಸಾಗಿದ.

ಬಾಗಿಲು ತೆರೆದ ನರ್ಸಮ್ಮ ಅವನನ್ನೂ ಸೈಕಲ್ಲನ್ನೂ ನೋಡಿದರು. “ಯಾಕಪ್ಪಾ, ವಾಪಸ್ ಕೊಡೋಕೆ ಬಂದ್ಯಾ?”

“ಇಲ್ಲಮ್ಮ. ಒಂದ್ ಮಾತು ಕೇಳ್ಬೇಕಿತ್ತು. ಬೇಜಾರ್ ಮಾಡ್ಕೋಬೇಡಿ.” ಟೆಂಪೋ, ಟಾರ್ಪಾಲು, ಎರಡು ಉಂಗುರ, ಎಲ್ಲವನ್ನೂ ತಲೆಬಾಗಿಲಲ್ಲೇ ನಿಂತು ಹೇಳಿದ. ಹೇಳುತ್ತಾ ಹೇಳುತ್ತಾ ತನ್ನ ದನಿಯೇ ತನಗೆ ಪೆದ್ದುಪೆದ್ದಾಗಿ ಕೇಳಿಸಿತು.

ನರ್ಸಮ್ಮ ನಗಲಿಲ್ಲ. “ನೀನು ಅವತ್ತು ನೋಡಿದ್ದೂ ಅವರ ಎತ್ತರ ಅಲ್ಲ ಕಣಪ್ಪ” ಎಂದರು. “ಅದು ನಾನು ಇಳಿಸಿದ್ದು.”

“ನೀವು ಓಡಿಸ್ತಿದ್ರಾ?”

“ನನಗೆಲ್ಲಿ ಬರುತ್ತೆ? ಆಸ್ಪತ್ರೆಗೆ ದಿನಾ ಅವರೇ ಬಿಟ್ಟು ಬರೋರು. ನಾನು ಹಿಂದೆ, ಕ್ಯಾರಿಯರ್ ಮೇಲೆ. ಸೀಟಿನ ಸ್ಪ್ರಿಂಗ್ ಹಿಡ್ಕೊಂಡು ಕೂರ್ಬೇಕು. ಅವರದ್ದು ಒಂಟೆ ಎತ್ತರ, ನಂದು ಇಷ್ಟುದ್ದ. ಹೋಗಿ ಸೇರೋಷ್ಟರಲ್ಲಿ ಭುಜ ಬಿದ್ದೋಗ್ತಿತ್ತು. ಒಂಚೂರು ಇಳಿಸ್ರೀ ಅಂತ ಮದುವೆಯಾದಾಗಿಂದ ಜಗಳ. ಇಳಿಸಿದ್ರೆ ಮಂಡಿ ಗದ್ದಕ್ಕೆ ತಾಗುತ್ತೆ ಕಣೇ ಅನ್ನೋರು.” ಸೀಟಿನ ಧೂಳನ್ನು ಸೆರಗಿನಿಂದ ಒರೆಸಿದರು. “ಹೋದ ಮೇಲೆ ಒಂದಿನ ಅವರದ್ದೇ ಸ್ಪ್ಯಾನರ್ ತಗೊಂಡು ಇಳಿಸ್ದೆ. ಗೆದ್ದೆ ಅಂದ್ಕೊಂಡೆ.”

ದರ್ಜಿ ಕೆಳಗಿಳಿದ ಸೀಟನ್ನೇ ನೋಡಿದ. ಹಾಗಾದರೆ ಕೋಣೆಯಲ್ಲಿದ್ದ ಉಳಿದ ಸೀಟುಗಳು? ಯಾವ ಮಗ ಏರಿಸಿದ್ದೋ, ಯಾವ ಗುಜರಿಯವನು ಇಳಿಸಿದ್ದೋ. ಇಷ್ಟು ವರ್ಷ ಯಾರ್ಯಾರ ಕಾಲನ್ನು ಕಾಯುತ್ತಾ ಕೂತಿದ್ದೆ ಎಂದು ತನ್ನನ್ನೇ ಕೇಳಿಕೊಂಡ.

“ಸ್ಟ್ಯಾಂಡ್ ಹಾಕು” ಎಂದರು ನರ್ಸಮ್ಮ. “ಹ್ಯಾಂಡಲ್ ಗಟ್ಟಿಯಾಗಿ ಹಿಡ್ಕೊ. ಬೀಳಿಸಿದ್ರೆ ನನ್ನ ಸೊಂಟಕ್ಕೆ ನೀನೇ ಜವಾಬ್ದಾರಿ.”

ಸೀರೆಯ ನೆರಿಗೆ ಒತ್ತಿಹಿಡಿದು, ಒಂದು ಕಡೆಗೆ ಕಾಲು ಇಳಿಬಿಟ್ಟು, ಕ್ಯಾರಿಯರ್ ಮೇಲೆ ಕೂತರು. ಕಣ್ಣು ಮುಚ್ಚಿ ಎಡಗೈಯಿಂದ ಸ್ಪ್ರಿಂಗ್ ಹಿಡಿದರು. ದರ್ಜಿ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದರಲ್ಲಿ ಸೀಟನ್ನು ಮೆಲ್ಲಗೆ ಎತ್ತಿದ.

“ಇನ್ನೂ.” ಎತ್ತಿದ. “ಇನ್ನೂ ಕಣೋ. ಭುಜ ನೋಯ್ಬೇಕು.” ಎತ್ತಿದ. ಆಕೆಯ ಮೊಣಕೈ ಬಿಚ್ಚಿಕೊಂಡಿತು, ಹೆಗಲು ಕಿವಿಯ ಕಡೆಗೆ ಸರಿಯಿತು. “ಹಾಂ” ಎಂದರು. ಹಾಗೆಂದು ಇಳಿಯಲಿಲ್ಲ. ಮುಚ್ಚಿದ ಕಣ್ಣಲ್ಲೇ, ಬಯ್ಯುವ ದನಿಯಲ್ಲಿ, “ನಿಧಾನ ಹೋಗ್ರೀ” ಎಂದರು.

ದರ್ಜಿ ಹ್ಯಾಂಡಲ್ ಹಿಡಿದು ಗೋಡೆ ನೋಡುತ್ತಾ ನಿಂತ.

ಆಮೇಲೆ ಬೋಲ್ಟು ಬಿಗಿಯುವಾಗ ನೋಡಿದರೆ, ಕೆಳಗಿನ ಉಂಗುರ, ಸೀಟು ಎತ್ತರದಲ್ಲಿದ್ದಾಗಿನ ಹಳೆಯದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಫ್ರೇಮಿನ ಬಾಯಿಗೆ ಕೂತಿತ್ತು.

“ಇಲ್ಲೇ ಬಿಟ್ಟು ಹೋಗ್ಲಾ ಅಮ್ಮಾ?” ಎಂದ. ಮನಸ್ಸಿನಿಂದಲೇ ಕೇಳಿದ.

“ಬೇಡಪ್ಪ. ಇಷ್ಟೆತ್ತರಕ್ಕೆ ಮಾಡಿ ಇಲ್ಲಿ ಇಟ್ರೆ, ನಾನು ಹಿತ್ತಲಿಗೆ ಹೋದಾಗೆಲ್ಲ ಡ್ಯೂಟಿ ಚೀಲ ಹಿಡ್ಕೊಂಡು ರೆಡಿಯಾಗ್ಬೇಕಾಗುತ್ತೆ. ತಗೊಂಡ್ ಹೋಗು.”

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಪ್ಪನ ಸೈಕಲ್ಲಿನ ಮುಂದೆ ಕೂತು, ಇಷ್ಟು ವರ್ಷ ಮುಟ್ಟದ ಬೋಲ್ಟನ್ನು ಸಡಿಲಿಸಿದ. ಎರಡು ಉಂಗುರ ಇದ್ದೀತು ಎಂಬ ಆಸೆ. ಕೊಳವೆ ಹೊರಗೆ ಬಂತು: ಕನ್ನಡಿಯ ಹಾಗೆ ನುಣ್ಣಗೆ. ಚಿಕ್ಕಪ್ಪ ಶಿಸ್ತಿನ ಮನುಷ್ಯ. ಉಪ್ಪು ಕಾಗದ ಹಾಕಿ ಉಜ್ಜಿ, ಗ್ರೀಸು ಹಚ್ಚಿ ಇಟ್ಟಿದ್ದ.

ಫೋನ್ ತೆಗೆದು ಅಕ್ಕನಿಗೆ ಮಾಡಿದ. ಅಕ್ಕ ಮದುವೆಯಾಗಿ ದೂರದ ಊರು ಸೇರಿ ಎಷ್ಟೋ ಕಾಲವಾಗಿತ್ತು. ಹಿಂದೆ ಮೊಮ್ಮಕ್ಕಳ ಗಲಾಟೆ ಕೇಳುತ್ತಿತ್ತು.

“ಏನೋ ಪುಟ್ಟಾ, ಇವತ್ತು ನೀನೇ ಮಾಡಿದೀಯ. ಹುಷಾರಾಗಿದೀಯ ತಾನೆ?”

“ಹೂಂ. ಅಕ್ಕ, ಅಪ್ಪ ನಮ್ಮನ್ನ ಸ್ಕೂಲಿಗೆ ಬಿಡ್ತಿದ್ರಲ್ಲ. ನೀನು ಕ್ಯಾರಿಯರ್ ಮೇಲೆ ಕೂತಾಗ ಸೀಟು ನಿನಗೆ ಎಲ್ಲಿಗೆ ಬರ್ತಿತ್ತು? ತಲೆಗಾ, ಕತ್ತಿಗಾ?”

“ಇದನ್ನ ಕೇಳೋಕೆ ಫೋನ್ ಮಾಡಿದ್ಯಾ? ಅದು ಮನೇನೋ, ಸೈಕಲ್ ಸ್ಟ್ಯಾಂಡೋ ನಿಂದು?” ನಕ್ಕಳು. ಆಮೇಲೆ, “ನಾನೆಲ್ಲಿ ಕ್ಯಾರಿಯರ್ ಮೇಲೆ ಕೂತಿದ್ದೆ? ನಾನು ಮುಂದೆ, ಬಾರ್ ಮೇಲೆ. ಹಿಂದೆ ಕೂರ್ತಿದ್ದೋನು ನೀನಲ್ವೇನೋ! ಬೀಳ್ತೀಯ ಅಂತ ಅಪ್ಪ ಟವಲ್‌ನಲ್ಲಿ ಕಟ್ಟೋರು.”

“ನಾನಾ?”

“ನೀನೇ. ಮರೆತ್ಬಿಟ್ಯಾ? ಇರು, ಮಗು ಅಳ್ತಿದೆ, ಆಮೇಲೆ ಮಾಡ್ತೀನಿ.”

ಫೋನ್ ಕೆಳಗಿಟ್ಟು, ಸೀಟಿನ ಕೊಳವೆಯನ್ನು ಮತ್ತೆ ಫ್ರೇಮಿಗೆ ಇಳಿಸಿ, ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತ. ಹ್ಯಾಂಡಲ್ ಹಿಡಿಯಲು ಯಾರೂ ಇಲ್ಲದ್ದರಿಂದ ಒಂದು ಕಾಲನ್ನು ನೆಲಕ್ಕೂರಬೇಕಾಯಿತು. ಬೆನ್ನು ಬಾಗಿಸಿ, ಕತ್ತು ಒಳಗೆಳೆದುಕೊಂಡು, ಆದಷ್ಟು ಚಿಕ್ಕವನಾದ. ಕಣ್ಣು ಮುಚ್ಚಿ ಸೀಟನ್ನು ಏರಿಸಿದ, ಇಳಿಸಿದ, ಮತ್ತೆ ಏರಿಸಿದ. ಮೈ ಎಲ್ಲೂ ‘ಹಾಂ’ ಅನ್ನಲಿಲ್ಲ.

ನೆನಪಿಗೆ ಬಂದದ್ದು ಬಟ್ಟೆ. ಕೆನ್ನೆಗೆ ಒತ್ತಿಕೊಂಡಿದ್ದ ಅಂಗಿಯ ಬೆನ್ನು: ದಪ್ಪ ನೂಲಿನ ಬಿಳಿ ಬಟ್ಟೆ, ಸಣ್ಣ ನೀಲಿ ಗೆರೆ, ಹೆಗಲ ಕೆಳಗೆ ಯಾರೋ ಕೈಯಲ್ಲಿ ಹಾಕಿದ ಹೊಲಿಗೆ, ಅದರೊಳಗಿನ ಬಿಸಿ. ಅಷ್ಟು ಸ್ಪಷ್ಟ. ಸೀಟು ಅಲ್ಲಿರಲೇ ಇಲ್ಲ. ಅವನು ಅದನ್ನು ನೋಡಿಯೇ ಇರಲಿಲ್ಲ. ನೋಡಲು ಅಪ್ಪ ಅಡ್ಡ ಇದ್ದರು.

ಕತ್ತಲಾಗುವವರೆಗೆ ಹಾಗೇ ಕೂತಿದ್ದ. ಎದ್ದು ಸ್ಪ್ಯಾನರನ್ನು ಗೂಟಕ್ಕೆ ನೇತುಹಾಕಿದ. ಬೋಲ್ಟು ಬಿಗಿಯಲಿಲ್ಲ.