ತೆಳು ಬೆಳ್ಳಿ

ಬೆಳಗ್ಗಿನಿಂದ ಪಟಿಕದ ನೀರಿನಲ್ಲಿ ಕುದಿಯುತ್ತಿದ್ದ ತಂತಿಯನ್ನು ಸುಂದರಾಚಾರಿ ಇಕ್ಕಳದಿಂದ ಮೇಲೆತ್ತಿ, ತೊಳೆದು, ಕಿಟಕಿಯ ಬೆಳಕಿಗೆ ಹಿಡಿದ. ಹೊರಗಿನ ಕಬ್ಬಿಣ ಪೂರ್ತಿ ಕರಗಿ ಒಳಗಿನ ಬೆಳ್ಳಿ ಮಿನುಗುತ್ತಿತ್ತು.

"ನೋಡಿ ಮೇಡಂ, ಬೆಳ್ಳಿಗೆ ಎಂತದೂ ಆಗಲಿಲ್ಲ. ನಮ್ಮ ಅಜ್ಜ ಪೊಳ್ಳು ಬಳೆ ಮಾಡುವಾಗ ಒಳಗಿನ ಕಬ್ಬಿಣವನ್ನು ಹೀಗೆಯೇ ಕರಗಿಸುತ್ತಿದ್ದರು. ಇಲ್ಲಿ ಹೊರಗಿನದ್ದು, ಅಷ್ಟೇ."

ಸಂಶೋಧನಾ ವಿದ್ಯಾರ್ಥಿನಿ ರೋಸಲಿನ್ ತಂತಿಯನ್ನು ತೂಗಿದಳು. ಮತ್ತೊಮ್ಮೆ ತೂಗಿದಳು. ಆಮೇಲೆ ಅವನ ಎರಡೂ ಕೈ ಹಿಡಿದು ನಕ್ಕುಬಿಟ್ಟಳು.

ಅದು ೧೯೮೯. ಮಣಿಪಾಲದ ಆ ಸಣ್ಣ ಲೋಹ ಪ್ರಯೋಗಾಲಯದಲ್ಲಿ ಎರಡು ವರ್ಷಗಳಿಂದ ಒಂದೇ ತಲೆನೋವು. ದ್ರವ ಸಾರಜನಕದಲ್ಲಿ ಮುಳುಗಿಸಿದರೆ ಒಂದಿಷ್ಟೂ ನಷ್ಟವಿಲ್ಲದೆ ವಿದ್ಯುತ್ ಹರಿಸುವ ಕಪ್ಪು ಪುಡಿ ಅವರಲ್ಲಿತ್ತು. ಅದನ್ನು ತಂತಿಯಾಗಿಸಲು ಬೆಳ್ಳಿಯ ಕೊಳವೆಯೇ ಬೇಕು. ಬೇರೆ ಲೋಹವಾದರೆ ಕುಲುಮೆಯ ಬಿಸಿಗೆ ಪುಡಿ ಕೆಡುತ್ತದೆ. ಕೊಳವೆ ತೆಳುವಾದರೆ ಎಳೆಯುವಾಗ ಹರಿಯುತ್ತದೆ, ದಪ್ಪವಾದರೆ ಬೆಲೆ ಏರಿ ತಂತಿಯನ್ನು ಕೊಳ್ಳುವವರಿಲ್ಲ. ಅಕ್ಕಸಾಲಿಗಳ ಕೆಲಸ ಕಸಿದ ಚಿನ್ನದ ಕಾನೂನು ಬಂದ ಮೇಲೆ ಕಾರ್ಕಳದ ತನ್ನ ಕುಲುಮೆ ಆರಿಸಿ ಇಲ್ಲಿ ಅಟೆಂಡರ್ ಆಗಿ ಸೇರಿದ್ದ ಸುಂದರಾಚಾರಿ ಒಂದು ದಿನ ಬೀಕರ್ ತೊಳೆಯುತ್ತ, ತೆಳು ಬೆಳ್ಳಿಗೆ ಕಬ್ಬಿಣದ ಅಂಗಿ ತೊಡಿಸಿ ಎಳೆದು, ಕುಲುಮೆಗೆ ಇಡುವ ಮೊದಲು ಅಂಗಿಯನ್ನು ಕರಗಿಸಬಾರದೇಕೆ ಎಂದು ಕೇಳಿದ್ದ. ಈಗ ಬೆಳ್ಳಿ ಮೂರನೇ ಒಂದು ಪಾಲಿಗೆ ಇಳಿದಿತ್ತು. ರೋಸಲಿನ್‌ಳ ಪ್ರಬಂಧಕ್ಕೆ ಬೇಕಾದದ್ದು ಅದೇ.

ಮುಂದಿನ ವಾರ ಅವಳು ಕುಲುಮೆಯ ಬಿಸಿ ಹೊಂದಿಸುವ ಮುಳ್ಳನ್ನು ತಪ್ಪಾಗಿ ತಿರುಗಿಸಿ ಊಟಕ್ಕೆ ಹೋದಳು. ಬರುವಷ್ಟರಲ್ಲಿ ಒಳಗಿದ್ದ ಬೆಳ್ಳಿಯೆಲ್ಲ ಕರಗಿ ಪುಡಿಯೊಂದಿಗೆ ಕುಲುಮೆಯ ತಳದ ಇಟ್ಟಿಗೆಗೆ ಇಳಿದಿತ್ತು. ಸುಂದರಾಚಾರಿಗೆ ತಿಳಿಯುವ ಮೊದಲೇ ಅವಳು ಹೆದರಿ ಆ ಇಟ್ಟಿಗೆಯನ್ನು ಕಟ್ಟಡದ ಹಿಂದಿನ ಕೆಂಪುಕಲ್ಲಿನ ಕೋರೆಯ ಹೊಂಡದ ನೀರಿಗೆ ಎಸೆದಿದ್ದಳು.

"ಛೆ, ನನಗೆ ಕೊಟ್ಟಿದ್ದರೆ ಅರ್ಧವಾದರೂ ತೆಗೆಯುತ್ತಿದ್ದೆ" ಎಂದ ಅವನು.

"ಸರ್‌ಗೆ ನಾನೇ ಹೇಳುತ್ತೇನೆ ಆಚಾರ್ರೇ. ನೀವು ಸುಮ್ಮನಿರಿ." ಅವಳು ಅಳುತ್ತಿದ್ದಳು.

ಅವನು ಸುಮ್ಮನಿದ್ದ. ತಿಂಗಳ ಕೊನೆಗೆ ಮುಖ್ಯಸ್ಥ ತಾರಾನಾಥರು ಕಪಾಟು ತೆರೆದು ನೋಡಿ ಇಬ್ಬರನ್ನೂ ಕರೆಸಿದರು.

"ತಂತಿಯಲ್ಲಿ ಇರುವುದು ಮೂರನೇ ಒಂದು ಪಾಲು ಬೆಳ್ಳಿ. ಉಳಿದದ್ದು ಕಪಾಟಿನಲ್ಲೂ ಇಲ್ಲ. ಎಲ್ಲಿ ಆಚಾರ್ರೇ?"

ಸುಂದರಾಚಾರಿ ರೋಸಲಿನ್‌ಳತ್ತ ನೋಡಿದ. ಅವಳು ಮೇಜಿನ ಮೇಲಿನ ಗಾಜನ್ನು ನೋಡುತ್ತಿದ್ದಳು.

"ರೋಸಲಿನ್, ನಿಮಗೇನಾದರೂ ಗೊತ್ತುಂಟಾ?"

"ಇಲ್ಲ ಸರ್. ಎಳೆಯುವ ಕೆಲಸ ಎಲ್ಲ ಅವರದ್ದೇ."

ತಾರಾನಾಥರು ನಕ್ಕರು. "ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡುವುದಿಲ್ಲವಂತೆ. ಕಾಲೇಜು ಓದಿದವರ ಬೆಳ್ಳಿ ಬಿಡುತ್ತಾನಾ! ಪೊಲೀಸು ಗಿಲೀಸು ಬೇಡ ಮಾರಾಯ. ಕೆಲಸ ಬಿಡುತ್ತೇನೆಂದು ಬರೆದುಕೊಡಿ."

ಅವನ ಬಾಯಿವರೆಗೆ ಮಾತು ಬಂತು. ಆದರೆ ಅವಳು ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾಯುತ್ತಲೇ ಸಹಿ ಹಾಕಿದ.

ಕಾರ್ಕಳಕ್ಕೆ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಅವನು ಕುಲುಮೆ ಮತ್ತೆ ಹಚ್ಚಿದಾಗ, ಮೂಗುತಿಗೆ ಹರಳು ಕೂರಿಸಲು ಬಂದವರೂ ಎದುರೇ ಕುಳಿತು ಅವನ ಬೆರಳುಗಳನ್ನು ಕಾಯತೊಡಗಿದರು. ಹೆಂಡತಿ ಅಕ್ಕು ಅವರಿಗೆ ನೀರು ಬೆಲ್ಲ ಕೊಡುವುದನ್ನೂ ನಿಲ್ಲಿಸಿದಳು.

ಮೂರು ತಿಂಗಳ ನಂತರ ಒಂದು ಮಧ್ಯಾಹ್ನ ರೋಸಲಿನ್ ಬಂದಳು. ಚೀಲದಲ್ಲಿ ಪುಡಿ ತುಂಬಿದ ಹೊಸ ಕೊಳವೆಯೂ ತುಂಡಾದ ತಂತಿಗಳೂ ಇದ್ದವು.

"ನಾಲ್ಕು ಸಲ ಹರಿಯಿತು ಆಚಾರ್ರೇ. ಸೋಮವಾರ ತಂತಿ ನೋಡಲು ದಿಲ್ಲಿಯಿಂದ ಸಮಿತಿ ಬರುತ್ತದೆ."

"ಒಳಗೆ ಕರೆಯಬೇಡಿ" ಎಂದಳು ಅಕ್ಕು, ಬಂದವಳಿಗೆ ಕೇಳುವ ಹಾಗೆಯೇ.

ಸುಂದರಾಚಾರಿ ತುಂಡೊಂದನ್ನು ಎತ್ತಿ ಮುರಿದ ಬಾಯಿಯನ್ನು ಉಗುರಿನಿಂದ ಸವರಿದ. "ನಡುನಡುವೆ ಕಾಯಿಸಲಿಲ್ಲ ನೀವು" ಎಂದ. ಎದ್ದು ಕುಲುಮೆಗೆ ಇದ್ದಿಲು ಹಾಕಿದ. ಮೊದಲು ಕೊಳವೆಯನ್ನು ಅವಳ ಎದುರೇ ತೂಗಿದ. ಉಕ್ಕಿನ ಪಟ್ಟಿಯ ದೊಡ್ಡ ತೂತಿನಿಂದ ಸಣ್ಣ ತೂತಿಗೆ ಸಂಜೆಯವರೆಗೆ ಎಳೆದ. ತಂತಿ ಎಲ್ಲಿಯೂ ಹರಿಯಲಿಲ್ಲ. ಸುರುಳಿ ಸುತ್ತಿ, ಕತ್ತರಿಸಿದ ತುದಿಗಳನ್ನೂ ಹೆಕ್ಕಿ ತಕ್ಕಡಿಗೆ ಹಾಕಿದ.

"ಕೊಟ್ಟಷ್ಟೇ ಉಂಟಾ ನೋಡಿ."

"ಉಂಟು ಆಚಾರ್ರೇ. ಸಮಿತಿ ಹೋದ ಮೇಲೆ ಸರ್‌ಗೆ ನಾನು ಖಂಡಿತ..."

"ಅದು ಬೇಡ. ಇವತ್ತಿನದ್ದು ಪೂರ್ತಿ ಸಿಕ್ಕಿತೆಂದು ಒಂದು ಚೀಟಿ ಬರೆದುಕೊಡಿ. ಸಾಕು."

ಅವಳು ಪುಸ್ತಕದ ಹಾಳೆ ಹರಿದು ಬರೆದಳು. ತಾರೀಕು ಹಾಕಿದಳು. ಪೆನ್ನು ಹಾಳೆಯ ಕೆಳಗೆ ಸಹಿಯ ಜಾಗಕ್ಕೆ ಬಂದು ಒಂದಿಷ್ಟು ಹೊತ್ತು ನಿಂತಿತು. ಮುಚ್ಚಳ ಹಾಕಿ, ಚೀಟಿ ಮಡಚಿ ಅವನ ಕೈಯಲ್ಲಿಟ್ಟು, "ಬಸ್ಸು ತಪ್ಪುತ್ತದೆ" ಎನ್ನುತ್ತ ಮೆಟ್ಟಿಲಿಳಿದಳು.

ಅಕ್ಕು ದೀಪ ತಂದಳು. ಸುಂದರಾಚಾರಿ ಚೀಟಿ ಬಿಡಿಸಿ ಓದಿದ. ಹಿಂದೆ ಮುಂದೆ ತಿರುಗಿಸಿದ. ಆಮೇಲೆ ಕಣ್ಣಿಗೆ ಭೂತಗನ್ನಡಿ ಏರಿಸಿಕೊಂಡು, ಹಾಳೆಯ ಕೆಳಗಿನ ಖಾಲಿ ಜಾಗದ ಮೇಲೆ ಬಾಗಿ ಕುಳಿತ.