ಒಳಗಿನ ಬಿಳಿ

“ಎಲ್ಲಿಗೆ ಬಂತೋ ಆ ಬಸ್ಸು?”

ಸೋದರಮಾವ ಕೇಳಿದ್ದು ಯಾರನ್ನೂ ಅಲ್ಲ. ಶವಪೆಟ್ಟಿಗೆಯ ಕೆಳಗಿನ ತಟ್ಟೆಯಲ್ಲಿ ತುಂಬಿದ್ದ ಐಸ್ ನೀರನ್ನು ಬಕೆಟ್ಟಿಗೆ ಬಸಿಯುತ್ತ, ಗೋಡೆ ಗಡಿಯಾರದ ಕಡೆ ಕತ್ತೆತ್ತಿ ಕೇಳಿದರು. ನಿವೃತ್ತರಾಗುವ ತನಕ ಬಸ್ ಕಂಡಕ್ಟರಾಗಿದ್ದವರು. ಮದುವೆಯಿರಲಿ, ಮರಣವಿರಲಿ, ಸೀಟಿ ಊದಿ ಗಾಡಿ ಹೊರಡಿಸುವುದು ತನ್ನ ಜವಾಬ್ದಾರಿಯೆಂದೇ ತಿಳಿದವರು.

ಪೆಟ್ಟಿಗೆಯಲ್ಲಿ ಅಣ್ಣ ಮಲಗಿದ್ದ. ಹೊಲಿಗೆ ಯಂತ್ರ ರಿಪೇರಿ ಮಾಡುವ ತನ್ನ ಅಂಗಡಿಯಲ್ಲಿ ನಿನ್ನೆ ಒಂದು ಯಂತ್ರದ ಮೇಲೆ ಬಗ್ಗಿದವನು ಮತ್ತೆ ತಲೆ ಎತ್ತಿರಲಿಲ್ಲ. ಪೆಟ್ಟಿಗೆಯ ಮುಚ್ಚಳವನ್ನು ಗೋಡೆಗೆ ಒರಗಿಸಿಟ್ಟಿದ್ದರು. ಅದರ ಪಕ್ಕದಲ್ಲಿ ಶವದ ಗಾಡಿಯ ಚಾಲಕ ಸ್ಕ್ರೂಡ್ರೈವರ್ ಹಿಡಿದು ಕುಕ್ಕರಗಾಲಿನಲ್ಲಿ ಕೂತಿದ್ದ. ತಲೆಯ ಬಳಿ ಪಕ್ಕದ ಬೀದಿಯ ತಾತ ಸಾವಿನ ಮನೆಯ ಪದ್ಯ ಓದುತ್ತಿದ್ದರು. ಓದು ಒಮ್ಮೆ ಮುಗಿದಿತ್ತು. ಯಾರೂ ಏಳದಿದ್ದುದನ್ನು ಕಂಡು ಕನ್ನಡಕ ಒರೆಸಿಕೊಂಡು, ಅದೇ ಧಾಟಿಯಲ್ಲಿ ಮತ್ತೆ ಮೊದಲಿನಿಂದ ಹಿಡಿದಿದ್ದರು.

“ಮಗಳಿಗೆ ಇನ್ನೊಂದ್ಸಲ ಫೋನ್ ಮಾಡಮ್ಮ.”

“ಈಗಷ್ಟೇ ಮಾಡಿದೆ ಮಾವ,” ಎಂದಳು ಅತ್ತಿಗೆ. “ಬಸ್ಸು ಕೆಟ್ಟು ನಿಂತಿದೆಯಂತೆ. ಬೇರೆ ಬಸ್ ಕಳಿಸ್ತಾರಂತೆ.”

“ಕಳಿಸ್ತಾರಂತೆ.” ಮಾವ ಬಕೆಟ್ಟನ್ನು ಬಚ್ಚಲ ಕಡೆ ತಳ್ಳಿದರು. “ಈ ಮಾತನ್ನ ಸರ್ವಿಸ್ ಪೂರ್ತಿ ಪ್ಯಾಸೆಂಜರುಗಳಿಗೆ ಹೇಳಿಕೊಂಡು ಬಂದವನು ನಾನು. ಆ ಬಸ್ ಬರಲ್ಲ.”

ಚಾಲಕ ಗಂಟಲು ಸರಿಮಾಡಿಕೊಂಡ. “ಕತ್ತಲಾಗೋಕೆ ಮುಂಚೆ ಸ್ಮಶಾನದ ಗೇಟು ಹಾಕಿಬಿಡ್ತಾರೆ ಯಜಮಾನ್ರೇ. ಆಮೇಲೆ ಏನಿದ್ರೂ ನಾಳೇನೇ.”

“ಈ ಸೆಕೇಲಿ ನಾಳೆ ತನಕವಾ?” ಮಾವ ಕೂತವರನ್ನೆಲ್ಲ ಒಂದು ಸುತ್ತು ನೋಡಿದರು.

ಮೂಲೆಯಲ್ಲಿ ಕೂತಿದ್ದ ಟೈಲರಮ್ಮ ಪಕ್ಕದವಳ ಕಿವಿಗೆ ಬಾಗಿದಳು. “ನನ್ನ ಮೆಷಿನ್ನು ಬಿಚ್ಚಿ ಹರಡಿಕೊಂಡಿದ್ರು ಕಣೇ. ಇನ್ಯಾರು ಜೋಡಿಸ್ತಾರೋ. ಹೋದ ತಿಂಗಳೇ ಹೇಳಿದ್ದೆ, ಹೊಸ ಕೆಲಸ ತಗೋಬೇಡಿ, ಅಂಗಡೀಲಿ ಕಾಲಿಡೋಕೆ ಜಾಗ ಇಲ್ಲ ಅಂತ. ಹ್ಞೂಂ ಅಂದ್ರು. ಅಷ್ಟರಲ್ಲಿ ಒಬ್ಬ ಬಂದ, ಅವನ್ದೂ ತಗೊಂಡ್ರು. ಬೇಡ ಅನ್ನೋ ಮಾತೇ ಆ ಬಾಯಲ್ಲಿ ಬರ್ತಿರ್ಲಿಲ್ಲ.”

ತಮ್ಮ ಇದನ್ನೆಲ್ಲ ಕೇಳಿಸಿಕೊಳ್ಳುತ್ತ ಚಪ್ಪಲಿ ಬಿಡುವ ಜಾಗದಲ್ಲೇ ನಿಂತಿದ್ದ. ಅವನು ಹುಟ್ಟಿದ್ದು ಇದೇ ಮನೆಯಲ್ಲಿ, ಈಗ ಇರುವುದೂ ಇದೇ ಮನೆಯ ಇನ್ನರ್ಧದಲ್ಲಿ. ಆದರೆ ಅಪ್ಪ ತೀರಿಕೊಂಡ ವರ್ಷ ಎದ್ದ ನಡುಗೋಡೆಯ ಈ ಮಗ್ಗುಲಿಗೆ ಅವನು ಕಾಲಿಟ್ಟದ್ದು ಇವತ್ತೇ. ಎದುರಿಗೆ ಗಾಜಿನ ಬೀರು. ಅದರೊಳಗೆ ಸಾಲು ಸಾಲು ಪ್ಲಾಸ್ಟಿಕ್ ಯುದ್ಧ ಟ್ಯಾಂಕುಗಳು, ಅಂಗೈಯಗಲದವು. ಅಣ್ಣ ಜೋಡಿಸಿದವು, ತಾನು ಬಣ್ಣ ಹಚ್ಚಿದವು. ಎಲ್ಲವೂ ಒಟ್ಟಿಗೆ ನಿಂತಿದ್ದನ್ನು ಅವನು ನೋಡಿಯೇ ಇರಲಿಲ್ಲ.

*

ಮೊದಲ ಟ್ಯಾಂಕು ಮನೆಗೆ ಬಂದಾಗ ಇಬ್ಬರೂ ಚಡ್ಡಿ ಹಾಕುವ ವಯಸ್ಸಿನವರು. ಡಬ್ಬಿಯ ಮೇಲೆ ಧೂಳೆಬ್ಬಿಸಿಕೊಂಡು ನುಗ್ಗುವ ಚಿತ್ರ. ತೆರೆದರೆ ಒಳಗೆ ಬೂದು ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡ ಚೂರುಗಳು: ಚಕ್ರ, ಸರಪಳಿ, ಫಿರಂಗಿಯ ನಳಿಗೆ, ಹೆಬ್ಬೆರಳಿನ ಉಗುರಿನಷ್ಟು ಒಬ್ಬ ಚಾಲಕ. ಅಣ್ಣ ಬ್ಲೇಡಿನಿಂದ ಒಂದೊಂದನ್ನೇ ಬಿಡಿಸಿ, ಅಂಚು ಉಜ್ಜಿ, ಅಂಟು ಸವರಿ ಜೋಡಿಸಿದ. ಬಣ್ಣವನ್ನೂ ತಾನೇ ಹಚ್ಚಿದ. ಅಮ್ಮ ನೋಡಿ, “ಇದೇನೋ, ಹೂವಿನ ಕುಂಡ ಮಾಡಿಟ್ಟಿದೀಯ,” ಅಂದಳು. ಹಸಿರೆಂದು ಅವನು ಹಚ್ಚಿದ್ದು ಇಟ್ಟಿಗೆಯ ಕಂದು. ಅಣ್ಣನ ಕಣ್ಣಿಗೆ ಹಸಿರೂ ಕಂದೂ ಒಂದೇ ಎಂದು ಮನೆಯವರಿಗೆ ಗೊತ್ತಾದದ್ದು ಆವತ್ತು. ಅಂದಿನಿಂದ ಅಂಟು ಅಣ್ಣನದು, ಬಣ್ಣ ತಮ್ಮನದು.

ಟ್ಯಾಂಕಿನ ಒಡಲು ಎರಡು ಭಾಗ. ಕೆಳಗಿನದು ತೊಟ್ಟಿಯ ಹಾಗೆ, ಮೇಲಿನದು ಅದರ ಮುಚ್ಚಳ. ಮುಚ್ಚುವ ಮುಂಚೆ ಒಳಗೋಡೆಗೆ ಬಿಳಿ ಬಳಿಯಬೇಕು, ಚಾಲಕನಿಗೆ ಬಣ್ಣ ಹಚ್ಚಿ ಸೀಟಿನಲ್ಲಿ ಕೂರಿಸಬೇಕು. ಆ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವಂಥದು. ಒಮ್ಮೆ ಕೂತರೆ ಬಿಡಿಸುವ ಮಾತಿಲ್ಲ, ಒಡೆಯುವುದೊಂದೇ.

“ಒಳಗಿಂದು ಯಾರು ನೋಡ್ತಾರ್ರೋ?” ಎಂದು ಅಪ್ಪ ನಗುತ್ತಿದ್ದರು.

“ಡ್ರೈವರ್ ನೋಡ್ತಾನಲ್ಲಪ್ಪ,” ಅನ್ನುತ್ತಿದ್ದ ಅಣ್ಣ.

ಅಂಟಿನ ಸೀಸೆ ಬಿಚ್ಚುವ ಮುಂಚೆ ಅವನು ಪ್ರತಿಸಲವೂ ಕೇಳುತ್ತಿದ್ದ: “ಮುಚ್ಚಲಾ?” ತಮ್ಮ ಕಿರುಬೆರಳಿನಿಂದ ಒಳಗಿನ ಬಿಳಿಯನ್ನು ಮುಟ್ಟಿ ನೋಡಿ, ಒಣಗಿದ್ದರೆ “ಹ್ಞೂಂ, ಮುಚ್ಚು” ಅನ್ನುತ್ತಿದ್ದ. ಇಬ್ಬರಿಗೂ ಮದುವೆಯಾಯಿತು. ತಮ್ಮ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ಸೇರಿದ. ಅಣ್ಣನ ಮೀಸೆ ನರೆಯಿತು. ಆ ಪ್ರಶ್ನೆ ಮಾತ್ರ ತಪ್ಪಲಿಲ್ಲ.

ಅಪ್ಪ ತೀರಿಕೊಂಡಾಗ ತಮ್ಮ ದೂರದ ಊರಿನ ಡಿಪೋ ಒಂದರಲ್ಲಿ ಬಸ್ಸುಗಳಿಗೆ ಬಣ್ಣ ಹೊಡೆಯಲು ಹೋಗಿದ್ದ. ಬರುತ್ತಿದ್ದೇನೆ, ಕಾಯಿರಿ ಎಂದು ಫೋನಿನಲ್ಲಿ ಹೇಳಿದ. ಸಿಕ್ಕಿದ ಲಾರಿ ಹತ್ತಿ ಬಂದ. ಬಂದಾಗ ಮನೆಯ ನೆಲ ತೊಳೆದಾಗಿತ್ತು. ಪೆಟ್ಟಿಗೆ ಇಟ್ಟಿದ್ದ ಕಡೆ ಇನ್ನೂ ಒದ್ದೆ ಇತ್ತು.

“ಒಂದು ಆಟದ ಸಾಮಾನು ಮುಚ್ಚೋಕೆ ನನ್ನ ಕೇಳ್ತಿದ್ದೆ,” ಅಂದ ತಮ್ಮ. “ಅಪ್ಪನ್ನ ಮುಚ್ಚೋಕೆ ಕೇಳಲಿಲ್ಲ.”

ಅಣ್ಣ ನೆಲ ನೋಡಿದ. ಪಕ್ಕದಲ್ಲಿ ನಿಂತಿದ್ದ ಅತ್ತಿಗೆಯೂ ನೆಲ ನೋಡಿದಳು. ಮನೆಯಲ್ಲಿ ನನ್ನ ಪಾಲು ಕೊಡು ಎಂದ ತಮ್ಮ.

ಗೋಡೆ ಎದ್ದಿತು. ಹಿಂದೆ ಅಡುಗೆಮನೆಯಿಂದ ಊಟದ ತಟ್ಟೆ ದಾಟಿಸುತ್ತಿದ್ದ ಒಂದು ಕಿಂಡಿ ನಡುವೆ ಉಳಿಯಿತು. ಗಾರೆಯವನು ಅದನ್ನೇನು ಮಾಡಲಿ ಎಂದು ಕೇಳಿದಾಗ ಅಣ್ಣತಮ್ಮಂದಿರಿಬ್ಬರೂ ಬಾಯಿ ಬಿಡಲಿಲ್ಲ. ಅವನು ಹಾಗೇ ಬಿಟ್ಟುಹೋದ. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಕಿಂಡಿಯಲ್ಲಿ ಬೂದು ಟ್ಯಾಂಕೊಂದು ಕೂತಿತ್ತು. ಎಲ್ಲ ಜೋಡಿಸಿ ಆಗಿತ್ತು. ಮುಚ್ಚಳ ಮಾತ್ರ ಅಂಟಿಸಿರಲಿಲ್ಲ. ಪಕ್ಕದ ಬೆಂಕಿಪೊಟ್ಟಣದಲ್ಲಿ ಚಾಲಕ.

ತಮ್ಮ ಅದನ್ನು ತೆಗೆದುಕೊಂಡ. ಚಾಲಕನನ್ನು ಬೂದುಬೂದಾಗಿಯೇ ಒಳಗೆ ಹಾಕಿ, ಮುಚ್ಚಳವನ್ನು ತಾನೇ ಅಂಟಿಸಿ, ಹೊರಗಡೆ ಮಾತ್ರ ಚೆಂದಕ್ಕೆ ಬಣ್ಣ ಮಾಡಿ ಕಿಂಡಿಯಲ್ಲಿ ಇಟ್ಟ. ಅದು ಅವನ ಬೈಗುಳ. ಆಮೇಲೆ ಬಂದ ಪ್ರತಿಯೊಂದಕ್ಕೂ ಅದೇ ಬೈಗುಳ.

*

“ಒಂದ್ನಿಮಿಷ ಒಳಗೆ ಬಾ,” ಎಂದಳು ಅತ್ತಿಗೆ.

ಅಡುಗೆಮನೆಯ ಪಕ್ಕದ ಸಣ್ಣ ಕೋಣೆ. ಕಿಂಡಿಯನ್ನು ತಮ್ಮ ಈ ಕಡೆಯಿಂದ ನೋಡಿರಲಿಲ್ಲ. ಅದರ ಕೆಳಗೆ ಒಂದು ಸ್ಟೂಲು, ಕೂತು ಕೂತು ನಡುವೆ ನುಣುಪಾಗಿತ್ತು. ಮೊಳೆಗೆ ಒಂದು ಟಾರ್ಚು ನೇತಾಡುತ್ತಿತ್ತು. ಕಿಂಡಿಯಲ್ಲಿ ಹೊಸ ಟ್ಯಾಂಕು, ಪಕ್ಕದಲ್ಲಿ ಬೆಂಕಿಪೊಟ್ಟಣ. ಹೋದ ವಾರವೇ ಬಂದದ್ದು. ಕಣ್ಣಿಗೆ ಬಿದ್ದಿದ್ದರೂ ಅವನು ತೆಗೆದಿರಲಿಲ್ಲ. ಇರಲಿ, ಕಾಯಲಿ ಅಂದುಕೊಂಡಿದ್ದ.

“ನೀನು ಆ ಕಡೆ ಸ್ಪ್ರೇ ಮೆಷಿನ್ ಹಾಕಿ ಬಣ್ಣ ಹೊಡೀತಿದ್ರೆ ಇಲ್ಲಿ ಕೂತು ಕೇಳ್ತಿದ್ರು,” ಅಂದಳು ಅತ್ತಿಗೆ. “ಟ್ಯಾಂಕು ವಾಪಸ್ ಬಂದ ಕೂಡಲೇ ಟಾರ್ಚ್ ಹಾಕಿ ಮೇಲಿನ ತೂತಲ್ಲಿ ಒಳಗೆ ನೋಡೋರು. ಹಸಿರು ಕಂದು ಗೊತ್ತಾಗದಿದ್ರೂ ಒಳಗೆ ಬಿಳಿ ಇದೆಯೋ ಇಲ್ವೋ ಗೊತ್ತಾಗ್ತಿತ್ತಲ್ಲ. ನೋಡಿ ಬೀರುವಿನಲ್ಲಿ ಇಟ್ಟುಬಿಡೋರು. ಮಾರನೇ ದಿನವೇ ಇನ್ನೊಂದು ಡಬ್ಬಿ ತರೋರು.”

ತಮ್ಮ ಸ್ಟೂಲಿನ ಅಂಚು ಹಿಡಿದುಕೊಂಡ.

“ಇನ್ನೊಂದು ಮಾತು. ಇವತ್ತು ಹೇಳದಿದ್ರೆ ಇನ್ನು ಹೇಳಲ್ಲ.” ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ನಿಮ್ಮಪ್ಪ ಹೋದ ದಿನ ನಿಮ್ಮಣ್ಣ ಪೆಟ್ಟಿಗೆ ಮೇಲೆ ಕೈ ಇಟ್ಟುಕೊಂಡು ನಿಂತಿದ್ರು. ತಮ್ಮ ಬರಲಿ, ತಮ್ಮ ಬರಲಿ ಅಂತಿದ್ರು. ಮಾವ ಗೇಟಿನ ಲೆಕ್ಕ ಹೇಳಿದ್ರು. ಐಸಿನ ಲೆಕ್ಕ ಹೇಳಿದ್ರು. ಕೊನೆಗೆ, ಕೈ ತೆಗೆಯೋ ಅಂದ್ರು. ತೆಗೆದುಬಿಟ್ರು.”

ಹಾಲಿನಲ್ಲಿ ಮಾವ ಯಾರಿಗೋ ಕೊನೆಯ ಬಸ್ಸಿನ ಹೊತ್ತು ವಿವರಿಸುತ್ತಿದ್ದರು.

“ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅತ್ತಿಗೆ?”

“ಹೇಳಬೇಡ ಅಂದಿದ್ರು. ‘ಕೈ ತೆಗೆದವನು ನಾನೇ ತಾನೆ, ಮಾವನ ಹೆಸರು ಯಾಕೆ’ ಅಂತಿದ್ರು.”

ಅವಳ ಸೆರಗಿನಲ್ಲಿದ್ದ ಫೋನು ನಡುಗಿತು. ಕಿವಿಗೆ ಹಿಡಿದು ಕೇಳಿ, ತಮ್ಮನ ಮುಖ ನೋಡಿ, ಅವನ ಕೈಗೆ ಕೊಟ್ಟಳು. ಅಣ್ಣನ ಮಗಳು. ದೂರದ ಆಸ್ಪತ್ರೆಯೊಂದರಲ್ಲಿ ದಾದಿ. ಅವಳ ತಾತ ತೀರಿಕೊಂಡಂದಿನಿಂದ ಅವಳ ದನಿಯನ್ನು ಅವನು ಇಷ್ಟು ಹತ್ತಿರದಿಂದ ಕೇಳಿರಲಿಲ್ಲ.

“ಚಿಕ್ಕಪ್ಪ, ಬೇರೆ ಬಸ್ ಸಿಕ್ತು. ಹತ್ತಿದೀನಿ. ಆದ್ರೆ ದೂರ ಇದೆ. ಕತ್ತಲಾಗುತ್ತೆ.” ಹಿಂದೆ ಬಸ್ಸಿನ ಸದ್ದು. “ನಾನು ದಿನಾ ಎಷ್ಟೋ ಜನದ ಕಣ್ಣು ಮುಚ್ಚಿಸ್ತೀನಿ ಚಿಕ್ಕಪ್ಪ. ನಮ್ಮಪ್ಪನ್ನ ಒಂದ್ಸಲ ನೋಡ್ತೀನಿ. ಅಷ್ಟೇ.”

ತಮ್ಮ ಫೋನನ್ನು ಅತ್ತಿಗೆಗೆ ಕೊಟ್ಟು, ಕಿಂಡಿಯೊಳಗೆ ತೋಳು ತೂರಿಸಿದ. ತನ್ನ ಮನೆಯ ಕಡೆಯ ಹಲಗೆಯ ಮೇಲೆ ಬಣ್ಣದ ಡಬ್ಬಿಗಳನ್ನು ಎಲ್ಲೆಲ್ಲಿ ಇಟ್ಟಿದ್ದೇನೆಂದು ಕೈಗೇ ಗೊತ್ತಿತ್ತು. ಬಿಳಿ ಸಿಕ್ಕಿತು. ತೆಳುವಾದ ಕುಂಚ ಸಿಕ್ಕಿತು.

*

ಪೆಟ್ಟಿಗೆಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ತಮ್ಮ ಕೂತ. ತೊಡೆಯ ಮೇಲೆ ಟ್ಯಾಂಕಿನ ತೊಟ್ಟಿ, ಪೆಟ್ಟಿಗೆಯ ಅಂಚಿನ ಮೇಲೆ ಅದರ ಮುಚ್ಚಳ. ಅದರ ಪುಟ್ಟ ಚಾಲಕನನ್ನು ಅಣ್ಣನ ಕೋಣೆಯಲ್ಲಿ ಸಿಕ್ಕ ಹೊಲಿಗೆ ಯಂತ್ರದ ಸೂಜಿಯ ತುದಿಗೆ ಚುಚ್ಚಿ ನಿಲ್ಲಿಸಿಕೊಂಡಿದ್ದ. ಬಿಳಿಯಲ್ಲಿ ಕುಂಚ ಅದ್ದಿ ಒಳಗೋಡೆಗೆ ಎಳೆದ. ಥಿನ್ನರಿನ ವಾಸನೆ ಹೂವಿನ ವಾಸನೆಯನ್ನು ಒತ್ತಿಕೊಂಡು ಹಾಲಿನ ತುಂಬ ಹರಡಿತು.

“ಇದೇನಮ್ಮ ಇದು,” ಟೈಲರಮ್ಮ ಪಿಸುಗುಟ್ಟಿದಳು. “ಹೆಣದ ಮುಂದೆ ಕೂತು ಆಟದ ಸಾಮಾನಿಗೆ ಬಣ್ಣ ಬಳೀತಾನೆ.”

“ಬುದ್ಧಿಗೆ ಏನೋ ಆಗಿದೆ ಪಾಪ,” ಅಂದಳು ಪಕ್ಕದವಳು.

ಓದುವ ತಾತ ಮಾತ್ರ ಪುಸ್ತಕದ ಮೇಲಿಂದ ಒಮ್ಮೆ ನೋಡಿ, ಧಾಟಿ ತಪ್ಪದಂತೆ ಮುಂದಿನ ಸಾಲಿಗೆ ಹೋದರು.

ಮಾವ ಬಂದು ಎದುರು ನಿಂತರು. “ಎಲ್ಲ ಹೊರಟಾಗಿದೆ ಕಣೋ. ನಾಲ್ಕು ಜನ ಹೆಗಲು ಕೊಡೋಕೆ ನಿಂತಿದಾರೆ. ಏನಿದು ನಿಂದು?”

“ಮಗು ಬಸ್ ಹತ್ತಿದಾಳೆ ಮಾವ.”

“ಹತ್ತಿದ್ರೇನು, ಇಳಿಯೋ ಹೊತ್ತಿಗೆ ಗೇಟು ಬಿದ್ದಿರುತ್ತೆ. ಆ ದಾರಿ ನನಗೆ ಗೊತ್ತಿಲ್ವಾ?” ಮಾವ ಬಗ್ಗಿ, ದನಿಯನ್ನು ಮೆತ್ತಗೆ ಮಾಡಿದರು. “ನನ್ನ ಕೆಟ್ಟವನು ಅಂದ್ಕೋಬೇಡ. ಐಸು ನಿಲ್ತಿಲ್ಲ. ನಾಳೆ ಬೆಳಿಗ್ಗೆ ಈ ಮುಖ ಹೀಗೇ ಇರುತ್ತಾ? ಆ ಮಗು ಅದನ್ನ ನೋಡ್ಬೇಕಾ? ಇಂಥ ಹೊತ್ತಲ್ಲಿ ಯಾರಾದ್ರೂ ಒಬ್ರು ಮನಸ್ಸು ಗಟ್ಟಿ ಮಾಡ್ಕೋಬೇಕು. ನಿಮ್ಮಪ್ಪನ ದಿನಾನೂ ಹೀಗೇ ಆಗಿತ್ತು.”

“ಗೊತ್ತು,” ಅಂದ ತಮ್ಮ.

ಆ ಒಂದು ಮಾತಿಗೆ ಮಾವ ನೆಟ್ಟಗಾದರು. ಅತ್ತಿಗೆಯ ಕಡೆ ನೋಡಿದರು. ಅವಳು ಈ ಸಲ ನೆಲ ನೋಡಲಿಲ್ಲ.

“ಸರಿ,” ಮಾವನ ದನಿ ಮತ್ತೆ ಬಸ್ಸಿನ ದನಿಯಾಯಿತು. “ಎತ್ತಯ್ಯ ಮುಚ್ಚಳ.”

ಗಾಡಿಯ ಚಾಲಕ ಎದ್ದ. ಇನ್ನೊಬ್ಬನ ಜೊತೆ ಮುಚ್ಚಳವನ್ನು ಗೋಡೆಯಿಂದ ಬಿಡಿಸಿ ತಂದ. ಅದರ ನೆರಳು ಅಣ್ಣನ ಕಾಲ ಮೇಲೆ ಬಿತ್ತು, ಎದೆಯ ತನಕ ಏರಿತು. ಕೂತವರು ಏಳತೊಡಗಿದರು. ಯಾರೋ ಬಿಕ್ಕಿದರು. ಪೆಟ್ಟಿಗೆಯ ಅಂಚಿನಲ್ಲಿ ತಮ್ಮನ ಮೊಣಕೈ ಇತ್ತು, ಅದರ ಪಕ್ಕ ಟ್ಯಾಂಕಿನ ಸಣ್ಣ ಬೂದು ಮುಚ್ಚಳ. ಚಾಲಕ ತಡೆದು ನಿಂತ.

“ಕೈ ತೆಗೆಯೋ,” ಅಂದರು ಮಾವ.

ಓದು ನಿಂತಿತು. ತಮ್ಮ ಅಣ್ಣನ ಮುಖ ನೋಡಿದ. ಬ್ಲೇಡು ಹಿಡಿದು ಹಿಡಿದು ಗಂಟುಗಟ್ಟಿದ ಆ ಹೆಬ್ಬೆರಳನ್ನು ನೋಡಿದ. ಆಮೇಲೆ ತನ್ನ ತೊಡೆಯ ಮೇಲಿನ ತೊಟ್ಟಿಯೊಳಗೆ ಕಿರುಬೆರಳು ಇಳಿಸಿ ಗೋಡೆಯನ್ನು ಮುಟ್ಟಿದ. ಬೆರಳು ಎತ್ತಿದರೆ ತುದಿಗೆ ಬಿಳಿ ಹತ್ತಿತ್ತು. ಸೂಜಿಯ ಮೇಲಿನ ಚಾಲಕನಿಗೆ ಇನ್ನೂ ಮುಖವೂ ಆಗಿರಲಿಲ್ಲ.

ಗಾಡಿಯ ಚಾಲಕ ಭಾರದ ಮುಚ್ಚಳವನ್ನು ತೊಡೆಗೆ ಆನಿಸಿಕೊಂಡ. ಅವನು ಮಾವನನ್ನು ನೋಡಿದ, ಅತ್ತಿಗೆಯನ್ನು ನೋಡಿದ. ಕೊನೆಗೆ ಸ್ಟೂಲಿನ ಮೇಲೆ ಕೂತವನ ಕಡೆ ಬಗ್ಗಿ, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಕೇಳಿದ:

“ಅಣ್ಣಾ, ಮುಚ್ಚಲಾ?”

ಪೆಟ್ಟಿಗೆಯ ಅಂಚಿನಿಂದ ಮೊಣಕೈ ತೆಗೆಯದೆ, ತಮ್ಮ ಕುಂಚವನ್ನು ಮತ್ತೆ ಬಿಳಿಯಲ್ಲಿ ಅದ್ದಿದ.

“ಬೇಡ,” ಅಂದ.